ಗೋಡೆಯಾಚೆಯ ಪದ

ನಿಘಂಟಿನ ಕಚೇರಿ ಕಳಿಸಿದ ಚೀಟಿ ಅಂಗೈಯಗಲ.
ತಲೆಯ ಮೇಲೆ ಪದ, ಕೆಳಗೆ
ಅರ್ಥಕ್ಕೆ ಎರಡು ಗೆರೆ, ಬಳಕೆಗೆ ಮೂರು.
ಯಾರು ಅಳೆದು ಎಳೆದರೋ ಈ ಗೆರೆಗಳನ್ನು,
ಚಿಯಾತುರಾದಲ್ಲಿ ಬಾಡಿಗೆಗಿದ್ದವರಂತೂ ಅಲ್ಲ.

ಪದ: ವಾಯ್ಮೆ.
ಬಿಡಿಸಿದರೆ ಎರಡೇ ತುಂಡು:
ವಾಯ್ ಅಂದರೆ ಅಯ್ಯೋ, ಮೆ ಅಂದರೆ ನಾನು.
ಕ್ರಿಯಾಪದವಿಲ್ಲ.
ನಾನು ಏನಾದೆ, ಯಾರು ಮಾಡಿದರು, ಯಾವಾಗ,
ಹೇಳುವ ಪುರುಸೊತ್ತಿಲ್ಲದವರ ವಾಕ್ಯ.

ಮೂರನೇ ಮಹಡಿ, ತೆಳ್ಳನೆ ಗೋಡೆ.
ಆಚೆ ಮನೆ ನಾಜಿಬ್ರೋಲಾಳದು.
ಕಣಿವೆಯ ಮೇಲೆ ತೂಗುವ ತಂತಿತೊಟ್ಟಿಲಿಗೆ
ಅವಳೇ ಕಂಡಕ್ಟರು; ಗಂಡ ಓತಿಯಾ ಮ್ಯಾಂಗನೀಸ್ ಗಣಿಗೆ
ಅವಳ ತೊಟ್ಟಿಲಲ್ಲೇ ಹೋಗುತ್ತಿದ್ದ, ಟಿಕೆಟ್ ಕೊಂಡು.

ಹಾಲು ಉಕ್ಕಿದರೆ ವಾಯ್ಮೆ.
ಕಾಲ್ಬೆರಳು ಎಡವಿದರೆ ಜೊತೆಗೆ ದೇದಾ, ಅಂದರೆ ಅಮ್ಮ.
ಕೆಳಮನೆ ಲಮಾರಾಳ ಮಗಳು ಮದುವೆಯುಡುಗೆಯಲ್ಲಿ
ಮೆಟ್ಟಿಲಿಳಿದ ದಿನ
ವಾಯ್ಮೆ, ಏನು ಚೆಲುವೆ ಇದು, ಎಂದು
ಕೆನ್ನೆ ತಟ್ಟಿಕೊಂಡಳು.
ಒಮ್ಮೆ ಕರೆಂಟು ಹೋಗಿ ತೊಟ್ಟಿಲು ನಡುಗಾಳಿಯಲ್ಲಿ ನಿಂತಿತು,
ಒಳಗೆ ಏಳು ಜನ, ಒಂದು ಮೇಕೆ.
ಕೆಳಗೆ ನದಿಯನ್ನೊಮ್ಮೆ ನೋಡಿ ವಾಯ್ಮೆ ಅಂದವಳು
ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದು
ಎಲ್ಲರಿಗೂ ಹಂಚಿದಳಂತೆ, ಮೇಕೆಗೂ.

ಬೆಲೆ ಏರಿದಾಗ ಓತಿಯಾ ಹಳೆಯ ಗಾದೆ ತೆಗೆಯುತ್ತಿದ್ದ:
'ವಾಯ್ ಬಿಟ್ಟು ಓಡಿದೆ, ಊಯ್ ಕೈಗೆ ಸಿಕ್ಕೆ.'
ಅದಕ್ಕೂ ಗೋಡೆಯಾಚೆ ಅವಳದು ಅದೇ ಉತ್ತರ,
ನಗುತ್ತಾ.

ನಾನು ಬರೆದುಕೊಳ್ಳುತ್ತಲೇ ಇದ್ದೆ.
ಚೀಟಿ ಸಾಲದೆ ಸಿಗರೇಟು ಪೊಟ್ಟಣದ ಬೆನ್ನಿಗೂ.

ಫೆಬ್ರವರಿಯಲ್ಲಿ ಒಂದು ಸಂಜೆ
ಟೋಪಿ ಕೈಯಲ್ಲಿ ಹಿಡಿದ ಮೂವರು
ಅವಳ ಬಾಗಿಲ ಮುಂದೆ ನಿಂತರು.
ಸುರಂಗದ ಚಾವಣಿ, ಅಂದರು. ಓತಿಯಾ, ಅಂದರು.
ನಾಚಿಕೆ ಬಿಟ್ಟು ಹೇಳುತ್ತೇನೆ:
ಗೋಡೆಯ ಈಚೆ ನನ್ನ ಪೆನ್ಸಿಲು ಕಾಯುತ್ತಿತ್ತು.
ಈಗ ಬರುತ್ತದೆ, ಸರಿಯಾದ ಬಳಕೆ.

ಅವಳು ಕೇಳಿದ್ದು ಇಷ್ಟೆ:
'ಯಾವ ಬೂಟು ಹಾಕಿದ್ದ?'

ಹೆಣದ ಸುತ್ತ ಕಪ್ಪುಟ್ಟ ಹೆಂಗಸರು
ಆ ಪದವನ್ನು ಎಳೆದರು, ಒಗೆದರು, ಹಿಂಡಿದರು.
ಅವಳ ತುಟಿ ಹೊಲಿದಂತೆ.
ನಲವತ್ತು ದಿನ ಕಳೆದು ಗಂಡಸರು ಗಡ್ಡ ತೆಗೆದರು.
ಅವಳು ಮತ್ತೆ ತೊಟ್ಟಿಲೇರಿದಳು,
ಚಿಲ್ಲರೆ ಎಣಿಸಿದಳು, ಬಾಗಿಲ ಕೊಂಡಿ ಹಾಕಿದಳು.
ನನ್ನ ಅಡುಗೆಮನೆಗೆ ಸೀದ ಹಾಲಿನ ವಾಸನೆ ಬರುತ್ತಿತ್ತು,
ಹಿಂದೆ ಸದ್ದಿಲ್ಲ.
ಏನೋ ಬಿದ್ದು ಒಡೆಯುತ್ತಿತ್ತು, ಹಿಂದೆ ಪೊರಕೆ ಮಾತ್ರ.
ಮಹಡಿಗೆ ಮಹಡಿಯೇ ಕಿವಿಯಾಗಿ ಕೂತಿತ್ತು,
ಯಾರೂ ಬಾಯಿಬಿಟ್ಟು ಹೇಳಲಿಲ್ಲ.
'ತೀವ್ರ ದುಃಖದಲ್ಲಿ' ಎಂದು ಬರೆದಿದ್ದುದನ್ನು
ನಾನು ಹೊಡೆದು ಹಾಕಿದೆ.

ಆಗಸ್ಟು. ಹುಳಿ ಪ್ಲಮ್ಮಿನ ಕಾಲ.
ಮನೆಮನೆಯಲ್ಲಿ ತ್ಕೆಮಲಿ ಕುದಿಯುತ್ತಿತ್ತು,
ಬೆಳ್ಳುಳ್ಳಿ, ಕಾಡುಪುದೀನ, ಉರಿಯುವ ಕಣ್ಣು.
ಗೋಡೆಯಾಚೆ ಪಾತ್ರೆ ಜಾರಿದ ಸದ್ದು,
ಚೊಳ್ಳೆಂದು ನೆಲಕ್ಕೆ, ಆಮೇಲೆ

ವಾಯ್ಮೆ!

ಅಂಗಳದಲ್ಲಿ ಜಮಖಾನೆ ಬಡಿಯುತ್ತಿದ್ದ
ಲಮಾರಾಳ ಕೋಲು ಮೇಲೆತ್ತಿದಲ್ಲೇ ನಿಂತಿತು.
ಮೆಟ್ಟಿಲ ಮೇಲೆ ಯಾರೋ, ಪಿಸುದನಿಯಲ್ಲಿ,
'ಅಂದಳು' ಎಂದರು.
ಓಡಿಹೋಗಿ ಬಾಗಿಲು ತಟ್ಟಿದೆ.
ಮೊಣಕೈವರೆಗೆ ನೇರಳೆ ಬಣ್ಣ, ಕೂದಲಿಗೂ ಮೆತ್ತಿದೆ.
'ಬಾಯಿ ಬಿಟ್ಟು ಏನು ನೋಡ್ತೀಯ?
ಚಿಂದಿ ತಗೊಂಡು ಬಾ.
ನಿನ್ನ ಕೈಯಲ್ಲಿರೋ ಆ ಕಾಗದವಾದರೂ ಕೊಡು ಇಲ್ಲಿ.'

ಚೀಟಿ ಮೊನ್ನೆ ಕಚೇರಿಯಿಂದ ವಾಪಸು ಬಂತು.
ಬಳಕೆಯ ಮೂರು ಗೆರೆಯಲ್ಲಿ ನಾನು ಬರೆದದ್ದು
ಒಂದೇ: 'ಪ್ಲಮ್ ಚೆಲ್ಲಿತು, ವಾಯ್ಮೆ.'
ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನೆ:
ಇದರಲ್ಲಿ ಹತಾಶೆ ಎಲ್ಲಿದೆ?

ಮೂಲೆಯಲ್ಲೊಂದು ಹೆಬ್ಬೆಟ್ಟಿನ ಗುರುತು, ನೇರಳೆ.
ನನ್ನದಲ್ಲ.